ಮೇಷ್ಟ್ರ ಪ್ರಾನ್‌ಸಂಕಟ

ನಮ್ಮ ಬೀದಿಯ ಗಣಿತದ ಮೇಷ್ಟ್ರು ಈ ಮೇ 31ಕ್ಕೆ ನಿವೃತ್ತರಾಗುತ್ತಾರೆ. ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ. ಈಗ ಬೆಳಿಗ್ಗೆ ಎದ್ದರೆ ದೇವರ ಪಟಕ್ಕಿಂತ ಮೊದಲು ಸೆನ್ಸೆಕ್ಸ್ ನೋಡುತ್ತಾರೆ.

"ಎಲ್ಲಾ ನಮ್ಮ ಹೆಡ್‌ಮಾಸ್ಟರು ಮಾಡಿದ್ದು ಕಣೋ," ಎಂದರು ಮೊನ್ನೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರ ಅಪ್ಪನಿಗೆ ಮಗ ಹುಟ್ಟಿದ್ದು ರಾಗಿ ಕುಯ್ಲಿನಲ್ಲಿ ಅನ್ನುವಷ್ಟೇ ನೆನಪಿತ್ತು. ಹೆಡ್‌ಮಾಸ್ಟರು ರೂಢಿಯಂತೆ ಜೂನ್ 1 ಅಂತ ಬರೆದುಕೊಂಡರು. ಆ ಕಾಲದಲ್ಲಿ ಅರ್ಧ ಕರ್ನಾಟಕ ಹುಟ್ಟಿದ್ದೇ ಜೂನ್ 1ಕ್ಕೆ. ಹಾಗಾಗಿ ಅವರೆಲ್ಲ ನಿವೃತ್ತರಾಗುವುದೂ ಮೇ 31ಕ್ಕೆ. ಮೇ ಕೊನೆಯಲ್ಲಿ ಷೇರುಪೇಟೆ ಮುಗ್ಗರಿಸಿತೋ, ರಾಗಿ ಕುಯ್ಲಿನಲ್ಲಿ ಹುಟ್ಟಿದವರೆಲ್ಲ ಒಟ್ಟಿಗೆ ಮುಗ್ಗರಿಸುತ್ತಾರೆ.

ಮೇಷ್ಟ್ರು ಎನ್‌ಪಿಎಸ್‌ನವರು, ಅಂದರೆ ಪಿಂಚಣಿ ಷೇರುಪೇಟೆಯ ಏರಿಳಿತಕ್ಕೆ ಕಟ್ಟುಬಿದ್ದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯವರು. 2006ರ ಏಪ್ರಿಲ್ 1ರಿಂದ ಈಚೆಗೆ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ರಾಜ್ಯದಲ್ಲಿ ನಿಶ್ಚಿತ ಮೊತ್ತದ ಹಳೇ ಪಿಂಚಣಿ ಇಲ್ಲ. ಕೇಂದ್ರದವರು ಈಚೆಗೆ ತಂದ ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ ಯೋಜನೆ, ಶುರುವಾದದ್ದೂ 2025ರ ಏಪ್ರಿಲ್ 1ಕ್ಕೇ. ಪಿಂಚಣಿ ಇಲಾಖೆಗಳಿಗೆ ಆ ತಾರೀಕಿನ ಮೇಲೆ ಯಾಕಿಷ್ಟು ಪ್ರೀತಿ ಅಂತ ನಾನು ಕೇಳುವುದಿಲ್ಲ.

ಟ್ಯೂಷನ್ನು, ಖಾಸಗಿ ಶಾಲೆ ಅಂತ ಸವೆದು, ನಲವತ್ತರ ಅಂಚಿನಲ್ಲಿ ಸರ್ಕಾರಿ ಕೆಲಸ ಸಿಕ್ಕ ಮೇಷ್ಟ್ರಿಗೆ ಒಂದು ಕಾರ್ಡು ಕೊಟ್ಟರು. ಅದರ ಮೇಲೆ ಹನ್ನೆರಡು ಅಂಕಿಯ ಪಿಂಚಣಿ ಖಾತೆ ನಂಬರು, ಹೆಸರು ಪ್ರಾನ್. ಅದನ್ನು ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. "ಪ್ರಾನ್ ಹುಷಾರು, ಪ್ರಾಣ ಹೋದರೆ ಹೋಗಲಿ" ಅನ್ನುವುದು ಅವರ ಹೆಂಡತಿಯ ಅಪ್ಪಣೆ.

ತಿಂಗಳು ತಿಂಗಳು ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ ನೂರಕ್ಕೆ ಹತ್ತು ಕಟಾವು. ಸರ್ಕಾರವೂ ತನ್ನ ವಂತಿಗೆ ಹಾಕುತ್ತದೆ. ದುಡ್ಡು ಎಸ್‌ಬಿಐ, ಎಲ್‌ಐಸಿ, ಯುಟಿಐ ಎಂಬ ಮೂರು ಪಿಂಚಣಿ ನಿಧಿಗಳಿಗೆ ಹಂಚಿಕೆಯಾಗಿ, ಅಲ್ಲಿಂದ ಸಾಲಪತ್ರಕ್ಕಷ್ಟು, ಷೇರಿಗಷ್ಟು ಹೋಗುತ್ತದೆ. ಮೇಷ್ಟ್ರು ಫೋನು ತೆಗೆದು ತೋರಿಸಿದರು. ಯೂನಿಟ್ಟಿನ ಬೆಲೆ ದಶಮಾಂಶ ಬಿಂದುವಿನ ಆಚೆ ನಾಲ್ಕು ಸ್ಥಾನದವರೆಗೆ ಮುದ್ದಾಗಿ ಕೂತಿದೆ. "ನಾನು ಮಕ್ಕಳಿಗೆ ಎರಡು ಸ್ಥಾನ ಸಾಕು ಅಂತಿದ್ದೆ. ಇವರು ನಾಲ್ಕನೇ ಸ್ಥಾನದವರೆಗೂ ಕರಾರುವಾಕ್ಕು. ತಿಂಗಳಿಗೆ ಎಷ್ಟು ಬರುತ್ತೆ ಅಂದ್ರೆ ಮಾತ್ರ ಒಂದು ಸ್ಥಾನವನ್ನೂ ಹೇಳಲ್ಲ."

ನಾವೇ ಲೆಕ್ಕ ಹಾಕಿದೆವು. ಸುಲಭವಾಗಲಿ ಅಂತ ಗಂಟು ಇಪ್ಪತ್ತು ಲಕ್ಷ ಅಂದುಕೊಳ್ಳಿ. ನೂರಕ್ಕೆ ಅರವತ್ತು, ಅಂದರೆ ಹನ್ನೆರಡು ಲಕ್ಷ, ಕೈಗೆ ಬರಬಹುದು. ಅದಕ್ಕೆ ಮಗಳ ಮದುವೆ ಸಾಲ, ತಾರಸಿ ರಿಪೇರಿ, ಹೆಂಡತಿಯ ಮಂಡಿ ಆಪರೇಷನ್ನು ಆಗಲೇ ಸರತಿಯಲ್ಲಿ ನಿಂತಿವೆ. ಉಳಿದ ಎಂಟು ಲಕ್ಷ ಕೊಟ್ಟು ವಿಮಾ ಕಂಪನಿಯಿಂದ ವರ್ಷಾಶನ, ಅಂದರೆ ಬದುಕಿರುವವರೆಗೆ ಬರುವ ಪಿಂಚಣಿ, ಕೊಳ್ಳಲೇಬೇಕು. ನೂರಕ್ಕೆ ಆರು ಸಿಕ್ಕಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ ನಲವತ್ತೆಂಟು ಸಾವಿರ. ತಿಂಗಳಿಗೆ ನಾಲ್ಕು ಸಾವಿರ. ಹಳೇ ಪದ್ಧತಿಯಲ್ಲಿ ರಾಜ್ಯದ ಕನಿಷ್ಠ ಪಿಂಚಣಿಯೇ ಈಗ 13,500.

ಮೇಷ್ಟ್ರು ಎರಡು ಸಲ ತಾಳೆ ನೋಡಿದರು. ಉತ್ತರ ಸರಿಯಾಗಿಯೇ ಇತ್ತು.

ಅದೇ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ಸೇರಿದ್ದೂ 2006ರ ಏಪ್ರಿಲ್ ಆದ ಮೇಲೇ. ಆದರೆ ಅವರ ನೇಮಕಾತಿಯ ಪ್ರಕಟಣೆ ಅದಕ್ಕೆ ಮುಂಚೆ ಹೊರಬಿದ್ದಿತ್ತು. ಅಂಥ ಸುಮಾರು 13 ಸಾವಿರ ನೌಕರರಿಗೆ 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಹಳೇ ಪಿಂಚಣಿಗೆ ಬಾಗಿಲು ತೆರೆಯಿತು. ಒಂದೇ ಸ್ಟಾಫ್ ರೂಮು, ಒಂದೇ ಚಹಾ ಫ್ಲಾಸ್ಕು, ಪಿಂಚಣಿ ಬೇರೆ ಬೇರೆ. ಅವರು ಆ ನೇಮಕಾತಿ ಪ್ರಕಟಣೆ ಬಂದ ಹಳೇ ಪೇಪರಿನ ತುಂಡಿಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ.

ಷೇರುಪೇಟೆ ಇಷ್ಟು ಒಳ್ಳೆಯದಾದರೆ ಅದನ್ನು ಮೇಷ್ಟ್ರುಗಳೇ ಉಂಡು ಮುಗಿಸುವುದು ನ್ಯಾಯವಲ್ಲ. ನಮ್ಮ ಶಾಸಕರನ್ನು ನೋಡಿ, ಪಾಪ, ಒಂದು ಸಲ ಗೆದ್ದರೂ ಸಾಕು, ಅದೇ ಹಳೇಕಾಲದ ನಿಶ್ಚಿತ ಪಿಂಚಣಿಗೆ ಜೋತುಬಿದ್ದಿರಬೇಕು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. 18 ಶಾಸಕರು ಅಮಾನತಾದದ್ದು ಅವತ್ತೇ. ಆ ಗಲಾಟೆಯಲ್ಲೂ ಒಂದು ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ. ಕ್ಲಾಸಿನಲ್ಲಿ ಅಷ್ಟು ಗದ್ದಲವಿದ್ದರೆ ಮೇಷ್ಟ್ರಿಗೆ ಹಾಜರಿ ಕೂಗಲೂ ಆಗುತ್ತಿರಲಿಲ್ಲ.

ಅವರಿಗೂ ಒಂದೊಂದು ಪ್ರಾನ್ ಕೊಟ್ಟುಬಿಡಿ. ಸಂಬಳದಲ್ಲಿ ನೂರಕ್ಕೆ ಹತ್ತು ಹಿಡಿಯಿರಿ. ಸದನ ನಡೆಯುವಾಗ ಮೊಬೈಲ್ ನೋಡುತ್ತಾ ಕೂತರು ಅಂತ ಆಮೇಲೆ ಯಾರೂ ಆಡಿಕೊಳ್ಳುವಂತಿಲ್ಲ, ಪಿಂಚಣಿ ನೋಡಿಕೊಳ್ಳುತ್ತಿದ್ದರು ಅಷ್ಟೇ.

ಹಳೇ ಪಿಂಚಣಿ ಬೇಕೆಂದು ಕೇಳಿದವರಿಗೆ ಏನೂ ಸಿಕ್ಕಿಲ್ಲ ಅಂದರೆ ಸುಳ್ಳಾದೀತು. 2023ರ ಮಾರ್ಚ್ 1ರಂದು ನೌಕರರು ಮುಷ್ಕರ ಹೂಡಿದಾಗ ಸಂಬಳಕ್ಕೆ ಶೇಕಡ 17ರ ಮಧ್ಯಂತರ ಪರಿಹಾರ ಸಿಕ್ಕಿತು, ಪಿಂಚಣಿಗೆ ಒಂದು ಸಮಿತಿ ಸಿಕ್ಕಿತು. ಚುನಾವಣೆ ಬಂತು, ಸಹಾನುಭೂತಿಯಿಂದ ಪರಿಶೀಲಿಸುವ ಭರವಸೆಯೂ ಪ್ರಣಾಳಿಕೆಯಲ್ಲಿ ಬಂತು. ಸರ್ಕಾರ ಬದಲಾಯಿತು. ಸಮಿತಿಯೂ ಹೊಸದಾಯಿತು.

ಸಂಜೆ ಮೇಷ್ಟ್ರ ಮನೆಯಲ್ಲಿ ಪಾಠಕ್ಕೆ ನಾಲ್ಕು ಹುಡುಗರು ಬರುತ್ತಾರೆ. ಮೊನ್ನೆ ಬೋರ್ಡಿನ ಮೇಲೆ ತಮ್ಮದೇ ಲೆಕ್ಕ ಬರೆದರು. ಒಬ್ಬ ನೌಕರ ತಿಂಗಳಿಗೆ ಇಷ್ಟು ಕಟ್ಟಿದರೆ ಅರವತ್ತನೇ ವರ್ಷಕ್ಕೆ ಸಿಗುವ ಪಿಂಚಣಿ ಎಷ್ಟು? ಪಕ್ಕದ ಮನೆ ಹುಡುಗ ಪೆನ್ನು ಕೆಳಗಿಟ್ಟ.

"ಸಾರ್, ಬಡ್ಡಿ ದರ ಕೊಟ್ಟಿಲ್ಲ."

"ಹೂಂ, ಕೊಟ್ಟಿಲ್ಲ."

"ಹಂಗಾದ್ರೆ ಪ್ರಶ್ನೆನೇ ತಪ್ಪು ಸಾರ್. ಪರೀಕ್ಷೇಲಿ ಪ್ರಶ್ನೆ ತಪ್ಪಿದ್ರೆ ಎಲ್ಲರಿಗೂ ಕೃಪಾಂಕ ಕೊಡ್ತಾರಲ್ವಾ, ನಿಮಗೂ ಕೊಡ್ತಾರಾ?"

ಮೇಷ್ಟ್ರು ಡಸ್ಟರ್ ತೆಗೆದುಕೊಂಡರು.

"ಸಮಿತಿ ಕೂತಿದೆ ಕಣೋ. ನೀನು ಮುಂದಿನ ಲೆಕ್ಕ ಬರ್ಕೋ."