ಬಾಯಿ ತೆಗಿ, ಹಲ್ಲು ತೋರಿಸು

ದಿನಕ್ಕೆ 12 ಗಂಟೆ ಕೆಲಸ ಅನ್ನೋ ಮಾತು ಪೇಪರಿನಿಂದ ಹೋಗೋ ಹಾಗೆ ಕಾಣುವುದಿಲ್ಲ. ನಮ್ಮ ಕರ್ನಾಟಕ 2023ರಲ್ಲೇ ಕಾರ್ಖಾನೆ ಕಾಯ್ದೆ ತಿದ್ದಿ ದಾರಿ ಮಾಡಿಕೊಟ್ಟಾಗಿದೆ. ವಾರಕ್ಕೆ 48 ದಾಟುವಂತಿಲ್ಲ, ನಿಜ. ಓಟಿ ಮಾತ್ರ ಮೂರು ತಿಂಗಳಿಗೆ 75 ಇದ್ದದ್ದು 144 ಗಂಟೆ ಆಯ್ತು. ಇದಕ್ಕೆ ಸುಧಾರಣೆ ಅಂತ ಹೆಸರು. ಬ್ರಿಟಿಷ್ ಇಂಡಿಯಾದ 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಸರಿಗೆ ಹಾಕಿದ್ದ ಮಿತಿಯೂ ಇದೇ 12 ಗಂಟೆ. ಹಳೇ ಸೀರೆಗೆ ಹೊಸ ಫಾಲ್ಸ್ ಹೊಲಿದಿದ್ದಾರೆ, ಅಷ್ಟೇ.

ಹೆದರಬೇಡಿ, ಕಾರ್ಮಿಕರು ಬರೆದುಕೊಟ್ಟು ಒಪ್ಪಿದರೆ ಮಾತ್ರವಂತೆ. ಈ ಒಪ್ಪಿಗೆ ಪತ್ರ ಅಂದಾಗೆಲ್ಲ ನನಗೆ ಹಲ್ಲು ನೆನಪಾಗುತ್ತದೆ.

1833ರಲ್ಲಿ ಇಂಗ್ಲೆಂಡಿನವರಿಗೆ ಕರುಣೆ ಉಕ್ಕಿತು. 9 ವರ್ಷದ ಒಳಗಿನ ಮಕ್ಕಳು ಗಿರಣಿಗೆ ಬರಬಾರದು ಅಂದರು. ರೇಷ್ಮೆ ಗಿರಣಿಗೆ ಮಾತ್ರ ವಿನಾಯ್ತಿ. ರೇಷ್ಮೆ ನಾಜೂಕು ನೋಡಿ, ಪುಟ್ಟ ಬೆರಳೇ ಬೇಕು. ರಾಮನಗರ, ಮಾಗಡಿ ಕಡೆ ಬಿಸಿನೀರಿನ ಗೂಡಿಗೆ ಕೈ ಹಾಕುತ್ತಿದ್ದ ಮಕ್ಕಳನ್ನು ಕಂಡವರಿಗೆ ಈ ವಾದ ಹೊಸದೇನಲ್ಲ. ಸರಿ, ಹುಡುಗನಿಗೆ ಒಂಬತ್ತಾಯಿತು ಅಂತ ತಿಳಿಯೋದು ಹೇಗೆ? ಜನನ ನೋಂದಣಿ ಇನ್ನೂ ಶುರುವಾಗಿರಲಿಲ್ಲ. ಡಾಕ್ಟರು ನೋಡಿ 'ಒಂಬತ್ತರ ಹಾಗೆ ಕಾಣ್ತಾನೆ' ಅಂತ ಬರೆದರೆ ಮುಗೀತು. 1837ರಲ್ಲಿ ಒಬ್ಬ ದಂತವೈದ್ಯ ಇನ್ನೂ ಚೆನ್ನಾದ ಉಪಾಯ ಕೊಟ್ಟ: ಹಲ್ಲು ನೋಡಿ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೀರಾ? ಅಲ್ಲೂ ಇದೇ ಕ್ರಮ. ದಲ್ಲಾಳಿ ಹೋರಿಯ ತುಟಿ ಎತ್ತುತ್ತಾನೆ. ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಹೋರಿಯ ಅದೃಷ್ಟ, ಅದಕ್ಕೆ ಯಾರೂ ಒಪ್ಪಿಗೆ ಪತ್ರ ಕೇಳೋದಿಲ್ಲ.

ಇಷ್ಟನ್ನೆಲ್ಲ ನೋಡಿಕೊಳ್ಳೋಕೆ ಇಡೀ ಬ್ರಿಟನ್ನಿಗೆ ನೇಮಿಸಿದ್ದು ನಾಲ್ಕು ಇನ್‌ಸ್ಪೆಕ್ಟರು. ನಮ್ಮ ಬೀದಿಯ ಮದುವೆಯಲ್ಲಿ ಸಾರು ಬಡಿಸೋಕೆ ಅದಕ್ಕಿಂತ ಜಾಸ್ತಿ ಜನ ಇರ್ತಾರೆ.

ಅದೇ 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. 146 ಜನ ಸತ್ತರು. ಹೆಚ್ಚಿನವರು ಹೊಲಿಗೆಗೆ ಬರುತ್ತಿದ್ದ ಹುಡುಗಿಯರು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹುಡುಗಿಯರು ಬಟ್ಟೆ ಕದ್ದಾರು ಅಂತ, ಬ್ಯಾಗು ತಪಾಸಣೆ ಮಾಡಿಯೇ ಹೊರಗೆ ಬಿಡೋದು. ಮಾಲೀಕರು ಖುಲಾಸೆಯಾದರು. ಎರಡು ವರ್ಷದ ಮೇಲೆ ಅವರಲ್ಲೊಬ್ಬ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದ. ದಂಡ 20 ಡಾಲರ್. ಇಪ್ಪತ್ತು! ಅಷ್ಟು ಹೆಣ ಕಂಡ ಮೇಲೂ ಅವನಿಗೆ ಚಿಂತೆ ಇದ್ದದ್ದು ಒಂದು ತುಂಡು ಬಟ್ಟೆಯದ್ದು. ಥೂ.

ನಮ್ಮ ವಠಾರದ ಅಕ್ಕ ಒಬ್ಬರು ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಸಂಜೆ ಗೇಟಿನಲ್ಲಿ ದಿನವೂ ಚೆಕಿಂಗ್, ಖಾಲಿ ಟಿಫಿನ್ ಡಬ್ಬಿಯನ್ನೂ ಬಿಚ್ಚಿ ತೋರಿಸಬೇಕು. ಒಪ್ಪಿಗೆ ಪತ್ರದ ಬಗ್ಗೆ ಕೇಳಿದೆ.

"ಹಾಕ್ದೆ ಕಣಣ್ಣ ಸೈನು. ಲೈನಲ್ಲಿ ಎಲ್ರೂ ಹಾಕಿದ್ರು."

"ಏನು ಬರೆದಿತ್ತಕ್ಕ ಅದರಲ್ಲಿ?"

"ಯಾರಿಗ್ಗೊತ್ತು? ಇಂಗ್ಲಿಷಲ್ಲಿತ್ತು. ಟಾರ್ಗೆಟ್ ಬೇರೆ ಬಾಕಿ ಇತ್ತು."