ಹರಿದ ಅಂಗಿಯನ್ನು ದಾನ ಎನ್ನಬೇಡಿ

ಮೂರು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ, ಯಾರಿಗೆ ಬೇಸರವಾದರೂ ಆಗಲಿ.

ಮ್ಯಾನ್ಮಾರ್‌ನಿಂದ ಓಡಿಬಂದು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿರುವ ರೋಹಿಂಗ್ಯಾ ನಿರಾಶ್ರಿತರಿಗೆಂದು ನಮ್ಮ ಸಿಂಧನೂರಿನ ಕಾಲೇಜು ಹುಡುಗರು ನೆರವು ಸಂಗ್ರಹಿಸುತ್ತಿದ್ದಾರೆ ಎಂದು ಹೋದ ವಾರ ಇಲ್ಲೇ ಬರೆದಿದ್ದೆ. ನಿಮ್ಮಲ್ಲಿ ಬಹಳ ಮಂದಿ ಹಂಚಿಕೊಂಡಿರಿ. ಭಾನುವಾರ ಬೆಳಿಗ್ಗೆ ಸಮುದಾಯ ಭವನಕ್ಕೆ ಹೋದಾಗ ಗೋಡೆಗೆ ಒರಗಿಸಿದ ನಲವತ್ತೊಂದು ಚೀಲಗಳನ್ನು ನೋಡಿ ನನ್ನ ಕಣ್ಣು ತುಂಬಿತ್ತು. ನಮ್ಮೂರಿನ ಜನಕ್ಕೆ ಎಂಥ ಮನಸ್ಸಿದೆ ಎಂದುಕೊಂಡೆ. ಆಮೇಲೆ ಮೊದಲನೆಯ ಚೀಲದ ಬಾಯಿ ಬಿಚ್ಚಿದೆವು.

ಇಲಿ ಕಡಿದ ಸೀರೆ. ಗುಂಡಿಯೇ ಇಲ್ಲದ ಅಂಗಿ. ಎಲಾಸ್ಟಿಕ್ ಸಡಿಲಾಗಿ ಜೋತುಬಿದ್ದ ಮಕ್ಕಳ ಚಡ್ಡಿ. ಒಂಟಿ ಚಪ್ಪಲಿ. ಅರ್ಧ ಕುಡಿದಿಟ್ಟ, ಅವಧಿ ಮುಗಿದ ಕೆಮ್ಮಿನ ಔಷಧಿ. ಒಂದು ಚೀಲದಲ್ಲಿ ಒಗೆಯದ ಒಳಉಡುಪುಗಳಿದ್ದವು. ಅದನ್ನು ಬಿಚ್ಚಿದ ಹುಡುಗಿ, ಹತ್ತೊಂಬತ್ತು ವರ್ಷದವಳು, ಮಾತಿಲ್ಲದೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಮತ್ತೆ ಕುಳಿತಳು. ಆ ಮಗುವಿನ ಮುಖ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಐದನೆಯ ಚೀಲದಲ್ಲೋ ಆರನೆಯದರಲ್ಲೋ ಒಂದು ನೀಲಿ ಟೀ ಶರ್ಟ್ ಸಿಕ್ಕಿತು. ಕಂಕುಳಲ್ಲಿ ಅಂಗೈ ಅಗಲ ಹರಿದಿತ್ತು. ಕುತ್ತಿಗೆಯ ಪಟ್ಟಿ ತಿರುಗಿಸಿ ನೋಡಿದರೆ ‘ಮೇಡ್ ಇನ್ ಬಾಂಗ್ಲಾದೇಶ್’ ಎಂದು ಬರೆದಿತ್ತು. ಜಗತ್ತಿಗೆಲ್ಲ ಬಟ್ಟೆ ಹೊಲಿದು ಕಳಿಸುವ ದೇಶ ಅದು. ಅಲ್ಲಿ ಯಾರೋ ಹೆಣ್ಣುಮಗಳು ಹೊಲಿದ ಅಂಗಿಯನ್ನು ನಾವು ತೊಟ್ಟು, ಹರಿದು, ಅದನ್ನೇ ತಿರುಗಿ ಆ ನೆಲದಲ್ಲಿ ಆಶ್ರಯ ಪಡೆದವರಿಗೆ ದಾನವೆಂದು ಕಳಿಸಬೇಕೇ?

ಇವರು ಯಾರು, ಹೇಗೆ ಬಂದರು ಎಂದು ಕೇಳಿದವರಿಗೆ ಹೇಳುತ್ತೇನೆ. 1982ರ ಪೌರತ್ವ ಕಾನೂನಿನ ನಂತರ ರೋಹಿಂಗ್ಯಾಗಳು ಮ್ಯಾನ್ಮಾರ್‌ನಲ್ಲಿ ತಮ್ಮ ಮಣ್ಣಿನಲ್ಲೇ ಪರಕೀಯರಾದರು. 2017ರ ಆಗಸ್ಟ್‌ನಲ್ಲಿ ಅಲ್ಲಿನ ಸೈನ್ಯ ರಾಖೈನ್ ಪ್ರಾಂತ್ಯದ ಹಳ್ಳಿಗಳ ಮೇಲೆ ಬಿದ್ದಾಗ, ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಕುಟುಪಾಲೊಂಗ್ ಎಂಬಲ್ಲಿ ಗುಡ್ಡ ಕಡಿದು, ಬಿದಿರು ನೆಟ್ಟು, ತಾಡಪಾಲು ಹೊದಿಸಿ ಕಟ್ಟಿದ ಗುಡಿಸಲುಗಳಲ್ಲಿ ಇವತ್ತಿಗೂ ಇದ್ದಾರೆ. ಮಳೆಗಾಲ ಬಂತೆಂದರೆ ಗುಡ್ಡ ಜರಿಯುತ್ತದೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮ ಒಬ್ಬರಿಗೆ ತಿಂಗಳಿಗೆ 12 ಡಾಲರ್ ಮೊತ್ತದ ರೇಷನ್ ಕೊಡುತ್ತಿತ್ತು. ದೇಣಿಗೆ ಸಾಲದೆ 2023ರ ಜೂನ್‌ನಲ್ಲಿ ಅದನ್ನು 8 ಡಾಲರ್‌ಗೆ ಇಳಿಸಿತು. ನಮ್ಮ ಆಗಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 22 ರೂಪಾಯಿ. ನಮ್ಮ ಬಸ್ ನಿಲ್ದಾಣದ ಎದುರು ಒಂದು ಪ್ಲೇಟ್ ಒಗ್ಗರಣೆ-ಮಿರ್ಚಿಗೂ ಅದು ಸಾಲುವುದಿಲ್ಲ. ಮುಂದಿನ ವರ್ಷ ರೇಷನ್ ಮತ್ತೆ ಏರಿತು, ನಿಜ. ಆದರೆ ಕಡಿಮೆಯಾದದ್ದು ಏನು ಎಂದು ಗಮನಿಸಿ. ಹಣ ಕಡಿಮೆಯಾಯಿತು. ಹಳೆಯ ಅಂಗಿ ಸಾಲದೆ ಅಲ್ಲಿ ಯಾರ ಊಟವೂ ನಿಂತಿರಲಿಲ್ಲ.

ಇನ್ನೊಂದು ವಿಷಯ. ಆ ಶಿಬಿರಗಳಲ್ಲಿ ಈಗ ಮೂಟೆ ಇಳಿಸಿ ಹಂಚುವುದಕ್ಕಿಂತ, ಕುಟುಂಬಕ್ಕೊಂದು ಕಾರ್ಡ್ ಕೊಟ್ಟು ಅಲ್ಲಿಯದೇ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಮೀನು ಆರಿಸಿಕೊಳ್ಳಲು ಬಿಡುತ್ತಾರೆ. ತನ್ನ ಮಕ್ಕಳಿಗೆ ಇವತ್ತು ಏನು ಬೇಯಿಸಬೇಕು ಎಂಬುದನ್ನು ಆ ತಾಯಿಯೇ ನಿರ್ಧರಿಸುತ್ತಾಳೆ. ನಮ್ಮ ಚೀಲಗಳೋ ಸಿಂಧನೂರಿನಿಂದ ಕೋಲ್ಕತ್ತಕ್ಕೆ ಲಾರಿಯಲ್ಲಿ ಹೋಗಿ, ಪೆಟ್ರಾಪೋಲ್ ಗಡಿಯಲ್ಲಿ ಸುಂಕದವರ ಮುಂದೆ ಕಾದು, ಅಲ್ಲಿಂದ ಇಡೀ ಬಾಂಗ್ಲಾದೇಶವನ್ನು ಹಾದು ಆ ತುದಿ ಮುಟ್ಟಬೇಕು. ಆ ಬಾಡಿಗೆಯ ದುಡ್ಡಿನಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತಿತ್ತು!

‘ಏನೂ ಕೊಡದೆ ಇರುವುದಕ್ಕಿಂತ ಹಳೆಯದನ್ನು ಕೊಡುವುದು ಮೇಲಲ್ಲವೇ’ ಎಂದು ಒಬ್ಬರು ಅಲ್ಲೇ ಕೇಳಿದರು. ಅಲ್ಲ. ಹದಿನಾಲ್ಕು ಮಂದಿ ಹುಡುಗ ಹುಡುಗಿಯರು ಎರಡು ದಿನ ಕುಳಿತು ವಿಂಗಡಿಸಿದರು. ನಲವತ್ತೊಂದರಲ್ಲಿ ಎಂಟು ಚೀಲ ಮಾತ್ರ ಉಡುವಂತಿತ್ತು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆಯ ಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲೇ ಕೊಳೆತವು. ಅದನ್ನು ಎತ್ತಿ ಹಾಕುವುದೇ ಅಲ್ಲಿನವರಿಗೆ ಇನ್ನೊಂದು ಕೆಲಸವಾಯಿತು.

‘ನಮ್ಮ ಜನರೇ ಗುಳೆ ಹೋಗುತ್ತಿರುವಾಗ ಹೊರದೇಶದವರ ಉಸಾಬರಿ ಏಕೆ’ ಎಂದವರೂ ಇದ್ದಾರೆ. ಗುಳೆ ಹೋದವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರ ಪುಸ್ತಕಕ್ಕೆ, ಜ್ವರಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಈ ಪ್ರಶ್ನೆ ಕೇಳುವವರು ಅಲ್ಲಿಗೂ ಬರುವುದಿಲ್ಲ. ಅವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಕೊಡಲಾರೆ.

ನನಗೇಕೆ ಇಷ್ಟು ಸಿಟ್ಟು ಎಂದು ಹೇಳಿಬಿಡುತ್ತೇನೆ. ನಮ್ಮ ಮೂಲ ಹಳ್ಳಿ ತುಂಗಭದ್ರೆಯ ದಡದ್ದು. 2009ರ ಅಕ್ಟೋಬರ್‌ನಲ್ಲಿ ಆಚೆ ದಡದ ಮಂತ್ರಾಲಯ ಮುಳುಗಿದಾಗ ನಮ್ಮ ಮನೆಯೂ ಮುಳುಗಿತು. ಹನ್ನೊಂದು ದಿನ ಶಾಲೆಯ ಗಂಜಿ ಕೇಂದ್ರದಲ್ಲಿದ್ದೆವು. ಒಂದು ಸಂಜೆ ಲಾರಿ ಬಂತು. ಮೇಲೆ ನಿಂತವರು ಬಟ್ಟೆಯ ಗಂಟುಗಳನ್ನು ಎಸೆದರು. ಅವ್ವನಿಗೆ ಸಿಕ್ಕಿದ್ದು ಜಿಪ್ ಕಿತ್ತ ಗಂಡಸಿನ ಪ್ಯಾಂಟು, ಯಾರದೋ ಬೆವರಿನ ಕಲೆ ಉಳಿದ ಒಂದು ಕುಪ್ಪಸ. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, ‘ಹೊಳೆ ಒಯ್ದದ್ದು ನಮ್ಮ ಮನೆಯನ್ನು. ಇವರು ನಮ್ಮನ್ನು ಏನೆಂದುಕೊಂಡಿದ್ದಾರೆ?’ ಎಂದಳು. ಎರಡು ದಿನ ಬಿಟ್ಟು ಕೊಪ್ಪಳದ ಕಡೆಯಿಂದ ಬಂದ ಒಬ್ಬರು ನೆಲದ ಮೇಲೆ ಕುಳಿತು, ‘ಏನು ಬೇಕಿತ್ತು, ತಾಯಿ’ ಎಂದು ಕೇಳಿದರು. ದಿನವೂ ಅನ್ನ ಸಾರು ಉಂಡು ಬೇಸತ್ತ ಅವ್ವ ‘ಒಂದು ರೊಟ್ಟಿ ಹಂಚು’ ಎಂದಳು. ಮರುದಿನ ತಂದುಕೊಟ್ಟರು, ಜೊತೆಗೆ ಐದು ಸೇರು ಜೋಳದ ಹಿಟ್ಟು. ಅವ್ವ ಹೋದಳು. ಹಂಚು ಇನ್ನೂ ನನ್ನ ಒಲೆಯ ಮೇಲಿದೆ.

ಇದನ್ನೆಲ್ಲ ಉಂಡವಳು ನಾನು. ಆದರೂ 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಗನ ಹಳೆಯ ಸ್ವೆಟರನ್ನು ಚೀಲಕ್ಕೆ ಹಾಕಿದೆ. ಮೊಣಕೈಯಲ್ಲಿ ತೂತಿತ್ತು. ಗೊತ್ತಿದ್ದೂ ಹಾಕಿದೆ. ಕಪಾಟು ಖಾಲಿಯಾಯಿತೆಂದು ನೆಮ್ಮದಿಯೂ ಆಯಿತು. ಭಾನುವಾರ ಆ ನೀಲಿ ಟೀ ಶರ್ಟ್ ಹಿಡಿದು ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ಅದೇ ಸ್ವೆಟರ್.

ಸಂಜೆಗೆ ಆರ್.ಎಚ್. ಕ್ಯಾಂಪಿನಿಂದ ಒಬ್ಬ ಅಜ್ಜಿ ಮೊಮ್ಮಗನ ಬೈಕಿನ ಹಿಂದೆ ಕುಳಿತು ಬಂದರು. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಬಂದು ನಮ್ಮ ತಾಲ್ಲೂಕಿನಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳು ನಮಗೆ ಹೊಸತಲ್ಲ, ಆದರೂ ಇಂಥ ಕೆಲಸಕ್ಕೆ ಅವರನ್ನು ಕರೆಯಬೇಕೆಂದು ನನಗೆ ಹೊಳೆದಿರಲಿಲ್ಲ. ಸೆರಗಿನ ಗಂಟಿನಿಂದ ಐನೂರರ ಎರಡು ನೋಟು ತೆಗೆದು ಕೊಟ್ಟರು. ‘ಬಟ್ಟೆ ಬೇಡ ಅಕ್ಕನವರೇ, ದುಡ್ಡು ಕಳಿಸಿ. ಅವರಿಗೆ ಏನು ಬೇಕೋ ಅವರೇ ಕೊಳ್ಳಲಿ’ ಎಂದರು. ಯಾರೂ ಹೇಳಿಕೊಟ್ಟ ಮಾತಲ್ಲ ಅದು.

ಆಮೇಲೆ ನಾವು ಬಿಸಾಡಲು ಇಟ್ಟ ರಾಶಿಯ ಪಕ್ಕ ಕುಳಿತು, ಹರಿದ ಸೀರೆಗಳಲ್ಲಿ ಮೆತ್ತಗಿನ ಹತ್ತಿಯವನ್ನು ಬೇರೆ ಮಾಡತೊಡಗಿದರು. ಒಂದರ ಮೇಲೊಂದು ಹಾಸಿ ಹೊಲಿದರೆ ಕಾಂಥಾ ಆಗುತ್ತದೆ ಎಂದರು. ನಮ್ಮ ಕೌದಿಯೇ ಅದು. ಪಕ್ಕದಲ್ಲಿದ್ದ ನಮ್ಮ ಓಣಿಯ ಹೆಣ್ಣುಮಕ್ಕಳು ಕೈ ಹಾಕಿದರು.

ಹುಡುಗರು ಸಂಗ್ರಹಿಸಿದ ಹಣ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಹೋಗುತ್ತದೆ, ರಸೀದಿಯನ್ನು ಇಲ್ಲೇ ಹಾಕುತ್ತೇನೆ. ಎಂಟು ಚೀಲ ಒಳ್ಳೆಯ ಬಟ್ಟೆ ಊರಿನ ವಸತಿ ನಿಲಯಕ್ಕೆ, ಅವರನ್ನು ಕೇಳಿದ ಮೇಲೆಯೇ. ಕೌದಿಗಳನ್ನು ಒಗೆದು, ಹೊಲಿದು, ಇಲ್ಲೇ ಮಾರುತ್ತೇವೆ. ಬಂದ ದುಡ್ಡೂ ಅದೇ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಸಮುದಾಯ ಭವನಕ್ಕೆ ಬನ್ನಿ. ದಪ್ಪ ಸೂಜಿ, ಬಿಳಿ ದಾರ ತನ್ನಿ. ಚೀಲ ತರಬೇಡಿ.