ಮೂರು ಹೆಸರು, ಒಬ್ಬನೇ ಸೈನಿಕ

ಜೇಮ್ಸ್ ಜೋನ್ಸ್‌ನ 'ವಿಸಲ್' ಕಾದಂಬರಿಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ನಿದ್ದೆ ಹತ್ತಲಿಲ್ಲ. ಯುದ್ಧದ ಬಗ್ಗೆ ಬರೆದವರು ಬಹಳ ಮಂದಿ. ಸಾಮಾನ್ಯ ಸಿಪಾಯಿಯನ್ನು ಇವನಷ್ಟು ಕಕ್ಕುಲಾತಿಯಿಂದ ಕಂಡ ಅಮೆರಿಕನ್ ಕಾದಂಬರಿಕಾರ ಇನ್ನೊಬ್ಬನಿಲ್ಲ ಎಂದೇ ನಾನು ನಂಬಿದ್ದೇನೆ.

ಜೋನ್ಸ್ ಹುಟ್ಟಿದ್ದು 1921ರಲ್ಲಿ, ಇಲಿನಾಯ್ ರಾಜ್ಯದ ರಾಬಿನ್‌ಸನ್ ಎಂಬ ಸಣ್ಣ ಊರಿನಲ್ಲಿ. 1939ರಲ್ಲಿ ಸೈನ್ಯ ಸೇರಿದ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿ ವಿಮಾನಗಳು ಎರಗಿದಾಗ ಹವಾಯಿಯ ಸ್ಕೋಫೀಲ್ಡ್ ಬ್ಯಾರಕ್ಸ್ ಎಂಬ ಸೇನಾ ನೆಲೆಯಲ್ಲಿದ್ದ. ಮುಂದೆ ಗ್ವಾಡಲ್‌ಕೆನಾಲ್ ದ್ವೀಪದ ಕಾಳಗದಲ್ಲಿ ಗಾಯಗೊಂಡು ಅಮೆರಿಕದ ಸೇನಾ ಆಸ್ಪತ್ರೆ ಸೇರಿದ. ಅವನು ದೂರದಲ್ಲಿದ್ದಾಗಲೇ ತಾಯಿ ತೀರಿಕೊಂಡಳು, ತಂದೆ ಆತ್ಮಹತ್ಯೆ ಮಾಡಿಕೊಂಡ.

ಅವನ ಮೊದಲ ಹಸ್ತಪ್ರತಿಯನ್ನು ಸ್ಕ್ರಿಬ್ನರ್ಸ್ ಪ್ರಕಾಶನದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಒಪ್ಪಲಿಲ್ಲ. ಆದರೆ ಯುದ್ಧಕ್ಕೆ ಮುಂಚಿನ ಸೈನ್ಯದ ಬಗ್ಗೆ ಬರೆಯುವುದಾದರೆ ಎಂದು 500 ಡಾಲರ್ ಮುಂಗಡ ಕೊಟ್ಟರು. ಆ ಪುಸ್ತಕವನ್ನು ನೋಡಲು ಪರ್ಕಿನ್ಸ್ ಬದುಕಿರಲಿಲ್ಲ. 1951ರಲ್ಲಿ 'ಫ್ರಮ್ ಹಿಯರ್ ಟು ಇಟರ್ನಿಟಿ' ಹೊರಬಂದು ಅಪಾರವಾಗಿ ಮಾರಾಟವಾಯಿತು, ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. 1953ರ ಚಲನಚಿತ್ರಕ್ಕೆ 8 ಆಸ್ಕರ್‌ಗಳು ಬಂದವು.

ಆ ದಪ್ಪ ಪುಸ್ತಕದಲ್ಲಿ ಬಾಂಬು ಬೀಳುವುದು ಕೊನೆಯ ಭಾಗದಲ್ಲಿ. ಅಲ್ಲಿಯವರೆಗೂ ಪ್ರೂವಿಟ್ ಎಂಬ ಕಹಳೆಗಾರನ ಕಥೆ. ಬಾಕ್ಸಿಂಗ್‌ನಲ್ಲಿ ಗೆಳೆಯನ ಕಣ್ಣು ಹೋದ ಮೇಲೆ ಅವನು ಮತ್ತೆ ಕಣಕ್ಕಿಳಿಯುವುದಿಲ್ಲ. ಅಷ್ಟಕ್ಕೇ ಇಡೀ ಸೇನಾ ತುಕಡಿ ಅವನನ್ನು ಹಿಂಡುತ್ತದೆ. ಶತ್ರು ಬರುವ ಮೊದಲೇ ತನ್ನವರೇ ಮುರಿಯುವ ಆ ಮನುಷ್ಯನನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ಕಥೆಯ ಕೊನೆಯಲ್ಲಿ ಪ್ರೂವಿಟ್ ಸಾಯುತ್ತಾನೆ. ಜೋನ್ಸ್‌ನ ಮನಸ್ಸಿನಲ್ಲಿದ್ದದ್ದು ಮೂರು ಕಾದಂಬರಿಗಳ ಸರಣಿ, ಅದೇ ಜನ ಉದ್ದಕ್ಕೂ ಬರಬೇಕಿತ್ತು. ಸತ್ತವನನ್ನು ಎಬ್ಬಿಸುವುದು ಹೇಗೆ? ಹೆಸರು ಬದಲಿಸಿದ. 1962ರ 'ದಿ ಥಿನ್ ರೆಡ್ ಲೈನ್'ನಲ್ಲಿ ಪ್ರೂವಿಟ್ ವಿಟ್ ಆದ, 'ವಿಸಲ್'ನಲ್ಲಿ ಪ್ರೆಲ್ ಆದ. ಅದೇ ತುಕಡಿಯ ಸಾರ್ಜೆಂಟ್ ವಾರ್ಡನ್ ವೆಲ್ಷ್ ಆಗಿ, ಬಳಿಕ ವಿಂಚ್ ಆದ. ಅಡುಗೆಮನೆಯ ಸ್ಟಾರ್ಕ್ ಸ್ಟಾರ್ಮ್ ಆಗಿ, ಸ್ಟ್ರೇಂಜ್ ಆದ. ಇದನ್ನು ಕೆಲವರು ಬರೀ ಉಪಾಯ ಎಂದಾರು. ನನಗೆ ಕಂಡದ್ದು ಪುನರ್ಜನ್ಮ. ಒಂದು ಜನ್ಮದಲ್ಲಿ ಬ್ಯಾರಕ್ಸ್, ಒಂದರಲ್ಲಿ ರಣರಂಗ, ಒಂದರಲ್ಲಿ ಆಸ್ಪತ್ರೆ. ಯಾವುದರಲ್ಲೂ ಆ ಜೀವಕ್ಕೆ ಬಿಡುಗಡೆಯಿಲ್ಲ.

ಅವನ ವಾಕ್ಯಗಳು ಒರಟು ಎಂಬ ದೂರು ಹಳೆಯದು. ಒರಟು ನಿಜ. ಕೆಸರಿನಲ್ಲಿ ತೆವಳುವವನ ಯೋಚನೆ ನಯವಾಗಿ ಹರಿಯಬೇಕೆಂದು ಕೇಳುವುದು ನ್ಯಾಯವಲ್ಲ.

ಪ್ಯಾರಿಸ್‌ನಲ್ಲಿ ವರ್ಷಗಟ್ಟಲೆ ಇದ್ದು 1974ರಲ್ಲಿ ಅಮೆರಿಕಕ್ಕೆ ಮರಳಿದ. ಹೃದಯ ಕೈಕೊಡುತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲೂ ಟೇಪ್ ರೆಕಾರ್ಡರ್ ಹಿಡಿದು 'ವಿಸಲ್'ನ ಮುಂದಿನ ಭಾಗವನ್ನು ಹೇಳುತ್ತಿದ್ದ. 1977ರ ಮೇ 9ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡ. ಉಳಿದಿದ್ದ ಮೂರು ಅಧ್ಯಾಯಗಳ ಸಾರಾಂಶವನ್ನು ಗೆಳೆಯ ವಿಲ್ಲಿ ಮಾರಿಸ್, ಜೋನ್ಸ್ ಹೇಳಿದ್ದನ್ನು ಆಧರಿಸಿ ಬರೆದುಕೊಟ್ಟರು. ಸ್ಟ್ರೇಂಜ್ ಹಡಗಿನಿಂದ ರಾತ್ರಿ ಸಮುದ್ರಕ್ಕೆ ಇಳಿದುಬಿಡುವ ಆ ಕೊನೆಯ ದೃಶ್ಯ ಇರುವುದು ಆ ಸಾರಾಂಶದಲ್ಲಿ.